ಮಳೆಗಾಲದಲ್ಲಿ ಟ್ರೆಡ್‌ಮಿಲ್ ನಡಿಗೆ: ಹೊಸಬರು ಎಷ್ಟು ವೇಗದಲ್ಲಿ, ಎಷ್ಟು ಹೊತ್ತು ಆರಂಭಿಸಬೇಕು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದೇನೆ. ಈಚೆಗೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿರೇಖೆಯಲ್ಲಿದೆ ಎಂದು ಬಂದಿದೆ. ಸದ್ಯಕ್ಕೆ ಮಾತ್ರೆ ಬೇಡ, ದಿನಾಲೂ ನಡೆಯಿರಿ, ಮೂರು ತಿಂಗಳು ಬಿಟ್ಟು ನೋಡೋಣ ಎಂದು ವೈದ್ಯರು ಹೇಳಿದ್ದಾರೆ. ರಕ್ತದೊತ್ತಡ, ಇಸಿಜಿ ಎರಡನ್ನೂ ನೋಡಿ ನಡೆಯಲು ಅಡ್ಡಿಯಿಲ್ಲ ಎಂದಿದ್ದಾರೆ.

ಬೇಸಿಗೆಯಲ್ಲಾದರೆ ತೋಟದ ದಾರಿಯಲ್ಲಿ ನಡೆಯಬಹುದಿತ್ತು. ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಕಡೆ ಅದು ಆಗದ ಮಾತು. ದಾರಿಯೆಲ್ಲ ಪಾಚಿ ಕಟ್ಟಿ ಜಾರುತ್ತದೆ, ಉಂಬಳದ ಕಾಟ ಬೇರೆ, ಸಂಜೆ ಶಾಲೆಯಿಂದ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಇದನ್ನು ಯೋಚಿಸಿಯೇ ನನ್ನ ಮಗ ಒಂದು ಟ್ರೆಡ್‌ಮಿಲ್ ತರಿಸಿ ಜಗುಲಿಯಲ್ಲಿ ಇರಿಸಿ ಹೋಗಿದ್ದಾನೆ. ಅದರ ಫಲಕದಲ್ಲಿ 1ರಿಂದ 14ರವರೆಗೆ ವೇಗವಿದೆ. ಯಾವ ಸಂಖ್ಯೆಯಿಂದ ಆರಂಭಿಸಬೇಕು, ದಿನಕ್ಕೆ ಎಷ್ಟು ಹೊತ್ತು ನಡೆಯಬೇಕು, ನನ್ನ ವಯಸ್ಸಿನಲ್ಲಿ ಓಡುವ ಆಸೆ ಇಟ್ಟುಕೊಳ್ಳಬಹುದೇ ಎಂಬುದು ನನ್ನ ಪ್ರಶ್ನೆ. ನಮ್ಮಲ್ಲಿ ಕರೆಂಟ್ ಹೋಗಿ ಬಂದು ಮಾಡುವುದರಿಂದ ಅದರ ಭಯವೂ ಇದೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮೈಸೂರು ಫಿಸಿಯೋ

ಮೇಡಂ, ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಟ್ರೆಡ್‌ಮಿಲ್ ಕೊಂಡ ಮೇಲೆ ಮಂಡಿನೋವು, ಹಿಮ್ಮಡಿ ನೋವು ಎಂದು ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೊದಲ ತಿಂಗಳಿನಲ್ಲೇ ವೇಗವನ್ನು ಏರಿಸಿದವರು. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇಷ್ಟೇ: ಮೊದಲು ಹೊತ್ತನ್ನು ಹೆಚ್ಚಿಸಿ, ಆಮೇಲೆ ಏರನ್ನು (ಬೆಲ್ಟ್‌ನ ಮುಂಭಾಗ ಎತ್ತರವಾಗಿ ಗುಡ್ಡ ಹತ್ತಿದಂತಾಗುವ ಓರೆಯನ್ನು) ಹೆಚ್ಚಿಸಿ, ವೇಗವನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಿ.

ಕಾರಣ ದೇಹದ ಒಳಗಿದೆ. ನಿಯಮಿತವಾಗಿ ನಡೆಯತೊಡಗಿದ ಕೆಲವೇ ವಾರಗಳಲ್ಲಿ ಉಸಿರಾಟ ಹಗುರವಾಗುತ್ತದೆ, ಎದೆಬಡಿತ ಹದಕ್ಕೆ ಬರುತ್ತದೆ, ಸ್ನಾಯುಗಳಿಗೂ ಬಲ ಬರುತ್ತದೆ. ಮೂಳೆ ಮತ್ತು ಸ್ನಾಯುಗಳನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಮಾತ್ರ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ; ಅವುಗಳಿಗೆ ತಿಂಗಳುಗಳೇ ಬೇಕು. ಮೂರನೆಯ ಅಥವಾ ನಾಲ್ಕನೆಯ ವಾರದಲ್ಲಿ, ಇನ್ನೂ ಜೋರಾಗಿ ಹೋಗಬಲ್ಲೆ ಎಂದು ಉಸಿರು ಹೇಳುತ್ತದೆ, ಕಾಲಿನ ಮೂಳೆ ಇನ್ನೂ ಸಿದ್ಧವಾಗಿರುವುದಿಲ್ಲ. ಹೊಸಬರಿಗೆ ಪೆಟ್ಟಾಗುವುದು ಬಹುಮಟ್ಟಿಗೆ ಈ ಅಂತರದಲ್ಲಿಯೇ.

ಮೊದಲ ಎರಡು ವಾರ ಗಂಟೆಗೆ 3.5ರಿಂದ 4.5 ಕಿ.ಮೀ. ವೇಗ ನಿಮಗೆ ಸಾಕು. ಹತ್ತಿದೊಡನೆ 2.5ರಲ್ಲಿ ಐದು ನಿಮಿಷ ನಡೆಯಿರಿ, ಬಳಿಕ ನಿಮಗೆ ಸಹಜವೆನಿಸುವ ನಡಿಗೆಗೆ ಬನ್ನಿ, ಕೊನೆಯ ಐದು ನಿಮಿಷ ಮತ್ತೆ ನಿಧಾನಿಸಿ. ಎಲ್ಲ ಸೇರಿ 20 ನಿಮಿಷವಾದರೆ ಆರಂಭಕ್ಕೆ ಚೆನ್ನಾಯಿತು. ವಾರಕ್ಕೆ ನಾಲ್ಕು ದಿನದಿಂದ ಶುರು ಮಾಡಿ ಐದಕ್ಕೆ ಏರಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಶ್ರಮದ ಚಟುವಟಿಕೆ ಬೇಕು. ನೀವು ಎರಡು ತಿಂಗಳಲ್ಲಿ 150ರ ಗಡಿಯನ್ನು ಮುಟ್ಟಿದರೂ ನನಗೆ ಸಂತೋಷವೇ. ಅದೇ ಮಾರ್ಗಸೂಚಿಯು ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಹೇಳುತ್ತದೆ. ಟ್ರೆಡ್‌ಮಿಲ್ ತಂದವರು ಇದನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿಗಳನ್ನು ಎತ್ತಿ ಇಳಿಸುವುದು, ಇವೆರಡನ್ನಾದರೂ ಇಂದಿನಿಂದಲೇ ಆರಂಭಿಸಿ. ನಾಳೆ ಓಡಬೇಕೆಂಬ ಆಸೆಯಿದ್ದರೆ ಮೀನಖಂಡ ಮತ್ತು ತೊಡೆಗಳು ಇಂದಿನಿಂದ ಸಿದ್ಧವಾಗಬೇಕು.

ಶ್ರಮ ಸರಿಯಾಗಿದೆಯೇ ಎಂದು ತಿಳಿಯಲು ಮಾತೇ ಅಳತೆ. ನಡೆಯುತ್ತಿರುವಾಗ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಹಾಡಲೂ ಬಂದರೆ ಶ್ರಮ ಕಡಿಮೆ. ಎರಡು ಮಾತಿಗೊಮ್ಮೆ ಉಸಿರು ಎಳೆಯಬೇಕಾದರೆ ಹೆಚ್ಚು. ನೀವು ಶಿಕ್ಷಕಿಯಾದ್ದರಿಂದ ಮಗ್ಗಿ ಹೇಳಿಕೊಂಡು ನಡೆದು ನೋಡಿ.

ಲಾಲ್‌ಬಾಗ್ ಓಟ

ಫಿಸಿಯೋ ಸರ್ ಅವರ ಮಾತಿನ ಬಗ್ಗೆ ಗೌರವವಿದೆ, ಆದರೆ ಇಷ್ಟು ನಿಧಾನ ಅಗತ್ಯವೇ ಎಂಬುದು ನನ್ನ ಅನುಮಾನ. ಅಮೆರಿಕದ ಜಾಶ್ ಕ್ಲಾರ್ಕ್ 1996ರಲ್ಲಿ ರೂಪಿಸಿದ ‘ಕೌಚ್ ಟು 5ಕೆ’ (ಸೋಫಾದಿಂದ 5 ಕಿ.ಮೀ. ಓಟಕ್ಕೆ) ಎಂಬ ಒಂಬತ್ತು ವಾರಗಳ ಕ್ರಮ ಎಂದೂ ಓಡದವರಿಗಾಗಿಯೇ ಇದೆ. ಐವತ್ತು ದಾಟಿದ್ದ ತಮ್ಮ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರು ಅದನ್ನು ಮಾಡಿದ್ದು. ವಾರಕ್ಕೆ ಮೂರು ದಿನ; ಮೊದಲ ವಾರದಲ್ಲಿ ಐದು ನಿಮಿಷ ಬಿರುಸಾಗಿ ನಡೆದು, ಬಳಿಕ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಹೀಗೆ 20 ನಿಮಿಷ. ಐದನೆಯ ವಾರದ ಕೊನೆಗೆ ಎಡೆಬಿಡದೆ 20 ನಿಮಿಷದ ಓಟ, ಒಂಬತ್ತನೆಯ ವಾರಕ್ಕೆ 30 ನಿಮಿಷ. ನಮ್ಮ ಗುಂಪಿನಲ್ಲಿ ಈ ದಾರಿಯಲ್ಲಿ ಬಂದು ಬೆಂಗಳೂರಿನ 10 ಕಿ.ಮೀ. ಓಟದಲ್ಲಿ ಪಾಲ್ಗೊಂಡ ಗೃಹಿಣಿಯರಿದ್ದಾರೆ. ಮೇಡಂ ಕೂಡ ಮೊದಲ ವಾರದಿಂದಲೇ ಇದನ್ನು ಹಿಡಿಯಬಹುದು.

ಇನ್ನೊಂದು ಮಾತು. ಟ್ರೆಡ್‌ಮಿಲ್ ಮೇಲೆ ಎದುರುಗಾಳಿ ಇಲ್ಲದಿರುವುದರಿಂದ ರಸ್ತೆಗಿಂತ ಸುಲಭ. ಅದಕ್ಕೆ ಯಾವಾಗಲೂ ಶೇಕಡ 1ರಷ್ಟು ಏರು ಇಟ್ಟುಕೊಳ್ಳಬೇಕು ಎಂದು ನಮ್ಮ ಕೋಚ್ ಹೇಳುತ್ತಾರೆ.

ಮೈಸೂರು ಫಿಸಿಯೋ

ಆ ಕ್ರಮ ಒಳ್ಳೆಯದೇ, ನಾನೂ ಅದನ್ನೇ ಕೊಡುತ್ತೇನೆ. ಆದರೆ ನಿಂತಲ್ಲಿಂದ ನೇರವಾಗಿ ಅದಕ್ಕೆ ಹತ್ತಿಸುವುದಿಲ್ಲ. ಮೊದಲು 30 ನಿಮಿಷ ನಿಲ್ಲದೆ ನಡೆದು, ಮರುದಿನ ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಡುವಾಗ ಎಲ್ಲಿಯೂ ನೋವಿಲ್ಲದಂತಾಗಬೇಕು. ನಡಿಗೆಯಲ್ಲಿ ಪ್ರತಿ ಹೆಜ್ಜೆಗೆ ಕಾಲಿನ ಮೇಲೆ ಬೀಳುವ ಭಾರ ದೇಹದ ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಓಟದಲ್ಲಿ ಅದು ತೂಕದ ಎರಡರಿಂದ ಮೂರು ಪಟ್ಟಾಗುತ್ತದೆ. ಒಂದು ನಿಮಿಷದ ಓಟದಲ್ಲಿ ಸುಮಾರು 150 ಹೆಜ್ಜೆಗಳಾದರೂ ಬೀಳುತ್ತವೆ. ಇಪ್ಪತ್ತು ವರ್ಷ ಓಡಿಯೇ ಇಲ್ಲದ ಮೂಳೆಗೆ ಇದು ಸಣ್ಣ ಬದಲಾವಣೆಯಲ್ಲ. ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿರುವ ಹೆಂಗಸರಿಗೆ ಇಂಥ ಭಾರ ಮೂಳೆಯ ಗಟ್ಟಿತನಕ್ಕೆ ಒಳ್ಳೆಯದು ಎಂಬುದೂ ನಿಜ. ಅದಕ್ಕಾಗಿಯೇ ಮೇಡಂ ಓಡಲಿ ಎಂದು ನನಗೂ ಆಸೆಯಿದೆ. ನನ್ನ ತಕರಾರು ಇರುವುದು ಆತುರದ ಬಗ್ಗೆ ಮಾತ್ರ.

ಶೇಕಡ 1ರ ಮಾತು ಜೋನ್ಸ್ ಮತ್ತು ಡೌಸ್ಟ್ ಎಂಬ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದದ್ದು. ಅದರಲ್ಲಿ ಪಾಲ್ಗೊಂಡವರು ಪಳಗಿದ ಓಟಗಾರರು, ಅವರ ವೇಗ ಗಂಟೆಗೆ 10.5ರಿಂದ 18 ಕಿ.ಮೀ. ಗಾಳಿಯ ತಡೆ ವೇಗದೊಂದಿಗೆ ಬಹಳ ಬೇಗ ಬೆಳೆಯುತ್ತದೆ. 4 ಅಥವಾ 5 ಕಿ.ಮೀ. ವೇಗದ ನಡಿಗೆಯಲ್ಲಿ ಅದು ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ. ಹೊಸಬರು ಸಮತಟ್ಟಾಗಿಯೇ ಆರಂಭಿಸಬಹುದು.

ಆದರೆ ಏರಿನ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಮನೆಯ ಟ್ರೆಡ್‌ಮಿಲ್‌ನಲ್ಲಿ ಅತ್ಯಂತ ಕಡಿಮೆ ಬಳಕೆಯಾಗುವ, ಅತ್ಯಂತ ಹೆಚ್ಚು ಪ್ರಯೋಜನವಿರುವ ಸೌಲಭ್ಯ ಅದೇ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನವರ ಸೂತ್ರದಂತೆ ಲೆಕ್ಕ ಹಾಕಿದರೆ, ಗಂಟೆಗೆ 5 ಕಿ.ಮೀ. ವೇಗದಲ್ಲಿ ಸಮತಟ್ಟಾಗಿ ನಡೆಯುವಾಗ ದೇಹದ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 12 ಮಿಲಿಲೀಟರ್ ಆಮ್ಲಜನಕ ಬೇಕಾಗುತ್ತದೆ. ವೇಗವನ್ನು ಮುಟ್ಟದೆ ಏರನ್ನು ಮಾತ್ರ ಶೇಕಡ 5ಕ್ಕೆ ತಂದರೆ ಅದು 19 ದಾಟುತ್ತದೆ, ಅಂದರೆ ಶ್ರಮ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ಶೇಕಡ 12ರ ಏರಿನಲ್ಲಿ ಅದೇ ನಡಿಗೆ ಗಂಟೆಗೆ 8 ಕಿ.ಮೀ. ವೇಗದ ಓಟಕ್ಕೆ ಸಮನಾಗಿ ಸುಮಾರು 30ನ್ನು ಮುಟ್ಟುತ್ತದೆ. ಹೃದಯಕ್ಕೆ ಓಟದಷ್ಟೇ ಕೆಲಸ, ಮಂಡಿಗೆ ನಡಿಗೆಯಷ್ಟೇ ಪೆಟ್ಟು. ಮೇಡಂ, ನೀವು ಅಷ್ಟು ದೊಡ್ಡ ಏರಿಗೆ ಹೋಗಬೇಕಿಲ್ಲ. 30 ನಿಮಿಷದ ನಡಿಗೆ ಹಗುರವೆನಿಸಿದ ಮೇಲೆ ಶೇಕಡ 2ರಿಂದ ಆರಂಭಿಸಿ, ನಡುವಿನ ಐದು ನಿಮಿಷ ಮಾತ್ರ ಏರಿಸಿ, ಮತ್ತೆ ಸಮತಟ್ಟಿಗೆ ಬನ್ನಿ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿನಲ್ಲಿ ಬಿಗಿತ ಕಂಡರೆ ಏರನ್ನು ಕೂಡಲೇ ಇಳಿಸಿ.

ಹುಬ್ಬಳ್ಳಿ ರಿಪೇರಿ

ಮೇಡಂ, ನಾನು ವ್ಯಾಯಾಮದ ಯಂತ್ರಗಳ ರಿಪೇರಿ ಮಾಡುವವನು. ಯಂತ್ರದ ಕಡೆಯಿಂದ ಕೆಲವು ವಿಷಯ ತಿಳಿಸುತ್ತೇನೆ.

ಕರೆಂಟ್ ಹೋದರೆ ಮನೆಯ ಟ್ರೆಡ್‌ಮಿಲ್‌ನ ಬೆಲ್ಟ್ ಮೆಲ್ಲಗೆ ನಿಲ್ಲುವುದಿಲ್ಲ, ಒಂದೆರಡು ಹೆಜ್ಜೆಯೊಳಗೆ ನಿಂತುಬಿಡುತ್ತದೆ. ನಾಲ್ಕರ ವೇಗದಲ್ಲಿದ್ದರೆ ಮುಂದಕ್ಕೆ ವಾಲಿ ಕೈಹಿಡಿ ಹಿಡಿದುಕೊಳ್ಳಲು ಸಾಧ್ಯ. ಒಂಬತ್ತರಲ್ಲಿ ಓಡುತ್ತಿದ್ದರೆ ಬೀಳುವ ಸಂಭವವಿದೆ. ಕರೆಂಟ್ ಪದೇ ಪದೇ ಹೋಗುವ ದಿನ ನಡಿಗೆ ಮಾತ್ರ ಮಾಡಿ, ಓಟ ಬೇಡ. ಕರೆಂಟ್ ಹೋದ ತಕ್ಷಣ ಸೇಫ್ಟಿ ಕೀ (ಕಿತ್ತರೆ ಯಂತ್ರ ನಿಲ್ಲುವ ಕೀಲಿ) ತೆಗೆದು ಕೆಳಗಿಳಿಯಿರಿ. ಆ ಕೀಯ ದಾರದ ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳದೆ ಹತ್ತಲೇಬಾರದು; ಅನೇಕರ ಮನೆಯಲ್ಲಿ ಅದು ಯಂತ್ರಕ್ಕೇ ಅಂಟಿಕೊಂಡು ಹೊಸದಾಗಿಯೇ ಉಳಿದಿರುತ್ತದೆ. 16 ಆಂಪಿಯರ್‌ನ ಪ್ರತ್ಯೇಕ ಸಾಕೆಟ್ ಮತ್ತು ಸರಿಯಾದ ಅರ್ಥಿಂಗ್ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ದೀಪ ಫ್ಯಾನುಗಳಿಗೆಂದು ಹಾಕಿಸಿದ ಇನ್ವರ್ಟರ್‌ಗೂ ಸೇರಿಸಬೇಡಿ. ನಿಮ್ಮ ಕಡೆ ವೋಲ್ಟೇಜ್ ಏರಿಳಿತ ಇರುವುದರಿಂದ ಯಂತ್ರಕ್ಕೆ ತಕ್ಕ ಸ್ಟೆಬಿಲೈಸರ್ ಹಾಕಿಸುವುದು ಲೇಸು. ಗುಡುಗು ಸಿಡಿಲು ಕಂಡರೆ ಪ್ಲಗ್ ಕಿತ್ತುಬಿಡಿ, ಸ್ವಿಚ್ ಆರಿಸಿದರೆ ಸಾಲದು.

ಜಗುಲಿಯಲ್ಲಿ ಇರಿಸಿದ್ದೀರಿ ಎಂದಿರಿ. ಮಳೆಯ ಎರಚಲು ಬಡಿಯದ ಗೋಡೆಯ ಕಡೆಗೆ ಸರಿಸಿ, ಹಿಂದೆ ಎರಡು ಮೀಟರ್‌ನಷ್ಟು ಜಾಗ ಖಾಲಿ ಬಿಡಿ. ಗೋಡೆಗೆ ಬೆನ್ನು ಕೊಟ್ಟು ಇರಿಸಿದ ಯಂತ್ರದಲ್ಲಿ ಕಾಲು ತಪ್ಪಿದರೆ ಮನುಷ್ಯ ಬೆಲ್ಟ್‌ಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುತ್ತಾನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಳಕೆಯಾದ ಕೂಡಲೇ ಕೀಯನ್ನು ತೆಗೆದು ಎತ್ತರದಲ್ಲಿಡಿ. ಚಲಿಸುವ ಬೆಲ್ಟ್‌ಗೆ ಕೈಯಿಟ್ಟ ಮಗುವಿನ ಅಂಗೈ ಚರ್ಮ ಸುಲಿದದ್ದನ್ನು ನಾನು ಕಂಡಿದ್ದೇನೆ, ಯಾರ ಮನೆಯಲ್ಲಿಯೂ ಹಾಗಾಗಬಾರದು. ಸೀರೆ, ದುಪಟ್ಟಾ, ನೆಲ ಮುಟ್ಟುವ ನೈಟಿ ಯಾವುದೂ ಬೇಡ. ಪಾದ ಮುಚ್ಚುವ ಶೂ ಬೇಕು, ಹವಾಯಿ ಚಪ್ಪಲಿಯೂ ಬೇಡ, ಬರಿಗಾಲೂ ಬೇಡ. ಹೊರಗೆ ಹಾಕಿದ ಶೂಗಳನ್ನೇ ತೊಟ್ಟು ಹತ್ತಿದರೆ ಮಣ್ಣು ಬೆಲ್ಟ್‌ನ ಅಡಿಗೆ ಸೇರಿ ಹಲಗೆಯನ್ನು ಉಜ್ಜುತ್ತದೆ.

ಬೆಲ್ಟ್‌ನ ಅಡಿಗೆ ಸಿಲಿಕೋನ್ ಎಣ್ಣೆಯನ್ನು ಮಾತ್ರ ಬಿಡಬೇಕು. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಹಾಳುಮಾಡಿಕೊಂಡವರಿದ್ದಾರೆ. ಬೆಲ್ಟ್‌ನ ಅಂಚನ್ನು ನಡುಭಾಗದಲ್ಲಿ ಎತ್ತಿ ಬೆರಳು ತೂರಿಸಿ ಮುಟ್ಟಿ ನೋಡಿ; ಹಲಗೆ ಒಣಗಿದ್ದರೆ ಎಣ್ಣೆ ಬೇಕು, ಬೆರಳಿಗೆ ಜಿಡ್ಡು ತಾಗಿದರೆ ಬೇಡ. ಬೆಲ್ಟ್ ಬಲಕ್ಕೆ ಸರಿಯುತ್ತಿದ್ದರೆ ಹಿಂಬದಿಯ ಬಲಗಡೆಯ ಬೋಲ್ಟನ್ನು ಕಾಲು ಸುತ್ತು ಬಿಗಿ ಮಾಡಿ, ಒಂದೆರಡು ನಿಮಿಷ ಖಾಲಿ ಓಡಿಸಿ ನೋಡಿ. ಎಡಕ್ಕೆ ಸರಿಯುತ್ತಿದ್ದರೆ ಎಡಗಡೆಯದು. ಒಮ್ಮೆಗೇ ಪೂರ್ತಿ ಸುತ್ತು ತಿರುಗಿಸಬೇಡಿ.

ದೋಹಾ ಕನ್ನಡಿಗ

ಕತಾರಿನಲ್ಲಿ ನಾವು ಬೇಸಿಗೆಯ ತಿಂಗಳುಗಳಲ್ಲಿ ಟ್ರೆಡ್‌ಮಿಲ್‌ನಲ್ಲೇ ನಡೆಯಬೇಕು, ಹೊರಗೆ ಸಂಜೆಯೂ ನಿಲ್ಲಲಾಗದ ಸೆಕೆ ಇರುತ್ತದೆ. ತುಂಗಾತೀರ ಮೇಡಂ ಅವರಿಗೆ ನನ್ನದೊಂದೇ ಸಲಹೆ: ಎದುರಿಗೆ ಒಂದು ಸ್ಟ್ಯಾಂಡ್ ಫ್ಯಾನ್ ಇರಿಸಿಕೊಳ್ಳಿ. ರಸ್ತೆಯಲ್ಲಿ ನಡೆಯುವಾಗ ನಾವು ಮುಂದೆ ಸಾಗುವುದರಿಂದಲೇ ಮೈಗೆ ಗಾಳಿ ತಾಗಿ ಬೆವರು ಆರುತ್ತದೆ. ಇಲ್ಲಿ ನಿಂತಲ್ಲೇ ನಡೆಯುವುದರಿಂದ ಬೆವರು ಮೈಮೇಲೆ ಉಳಿದು ಒಳಗಿನ ಬಿಸಿ ಏರುತ್ತದೆ, ಅದರೊಂದಿಗೆ ಎದೆಬಡಿತವೂ ಏರುತ್ತದೆ. ಮಲೆನಾಡಿನಲ್ಲಿ ತಂಪಿದ್ದರೂ ಮಳೆಗಾಲದ ತೇವಕ್ಕೆ ಬೆವರು ಆರುವುದು ಇನ್ನೂ ನಿಧಾನ.

ಮೊಬೈಲನ್ನು ಫಲಕದ ಮೇಲಿರಿಸಿ ಕತ್ತು ಬಗ್ಗಿಸಿ ನೋಡುತ್ತ ನಡೆಯುವ ಅಭ್ಯಾಸವನ್ನೂ ಬಿಡುವುದು ಒಳ್ಳೆಯದು, ಕತ್ತು ಭುಜಗಳು ಹಿಡಿದುಕೊಳ್ಳುತ್ತವೆ. ಕೇಳುವುದಾದರೆ ಆಕಾಶವಾಣಿಯನ್ನೋ ಯಕ್ಷಗಾನವನ್ನೋ ಕೇಳಬಹುದು, ಕಣ್ಣು ಮುಂದಿರಲಿ.

ನಿವೃತ್ತ ಉಪನ್ಯಾಸಕ

ಹೃದ್ರೋಗದ ಚರಿತ್ರೆ ಇರುವವರ ಪರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಈ ಚರ್ಚೆಯನ್ನು ಓದಿ ಅಂಥವರೂ ಯಂತ್ರ ಹತ್ತಬಹುದು. ನನಗೆ ಸ್ಟೆಂಟ್ ಅಳವಡಿಸಲಾಗಿದೆ. ವೈದ್ಯರು ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯವನ್ನು ನೋಡುವ) ಪರೀಕ್ಷೆ ಮಾಡಿಸಿ, ಎಷ್ಟು ಶ್ರಮ ನನಗೆ ಸುರಕ್ಷಿತ ಎಂದು ಬರೆದುಕೊಟ್ಟ ಮೇಲೆಯೇ ನಾನು ಮನೆಯಲ್ಲಿ ಆರಂಭಿಸಿದ್ದು. ಟಿಎಂಟಿಯಲ್ಲಿ ಹೆಚ್ಚಾಗಿ ಬಳಸುವ ಕ್ರಮವನ್ನು ಸಿಯಾಟಲ್‌ನ ಹೃದ್ರೋಗ ತಜ್ಞ ರಾಬರ್ಟ್ ಬ್ರೂಸ್ ರೂಪಿಸಿದರು. ಅದು ಗಂಟೆಗೆ 2.7 ಕಿ.ಮೀ. ವೇಗ, ಶೇಕಡ 10ರ ಏರಿನಿಂದ ಆರಂಭವಾಗಿ ಮೂರು ನಿಮಿಷಕ್ಕೊಮ್ಮೆ ವೇಗ, ಏರು ಎರಡೂ ಹೆಚ್ಚುತ್ತವೆ. ಅದು ಇಸಿಜಿ ತಂತಿಗಳನ್ನು ಅಂಟಿಸಿಕೊಂಡು ವೈದ್ಯರ ಕಣ್ಣೆದುರಿನಲ್ಲಿ ಮಾಡುವ ಪರೀಕ್ಷೆ. ಅದನ್ನು ನೋಡಿ ಬಂದವರು ಮನೆಯಲ್ಲಿಯೂ ಅದೇ ರೀತಿ ಮಾಡತೊಡಗುವುದು ಅಪಾಯ.

ನನ್ನಂತೆ ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಿಗೆ ಎದೆಬಡಿತದ ಲೆಕ್ಕ ಹೊಂದುವುದಿಲ್ಲ ಎಂಬುದನ್ನೂ ತಿಳಿಸಬೇಕು. 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತವನ್ನು ಅಂದಾಜಿಸುವ ಸೂತ್ರ ಅನೇಕ ಫಲಕಗಳ ಮೇಲೆ ಅಚ್ಚಾಗಿರುತ್ತದೆ. ಮಾತ್ರೆಯಿಂದ ಬಡಿತವೇ ಕಡಿಮೆಯಾಗಿರುವಾಗ ಆ ಸಂಖ್ಯೆಯನ್ನು ಬೆನ್ನಟ್ಟಿದರೆ ಮಿತಿಮೀರಿದ ಶ್ರಮವಾಗುತ್ತದೆ. ಇಂಥವರಿಗೆ ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಶ್ರಮದ ಮಾಪನ ಹೆಚ್ಚು ಉಪಯುಕ್ತ; 11 ಎಂದರೆ ಹಗುರ, 13 ಎಂದರೆ ತುಸು ಕಷ್ಟ. ನನ್ನ ವೈದ್ಯರು ನನಗೆ 13ನ್ನು ದಾಟಬೇಡಿ ಎಂದಿದ್ದಾರೆ. ಎದೆಯಲ್ಲಿ ಭಾರ, ದವಡೆಗೆ ಅಥವಾ ಎಡತೋಳಿಗೆ ಹರಡುವ ನೋವು, ತಲೆ ಹಗುರಾಗುವುದು, ಎಂದಿಗಿಂತ ಹೆಚ್ಚು ಏದುಸಿರು ಇವುಗಳಲ್ಲಿ ಯಾವುದು ಕಂಡರೂ ಇಳಿದು ಕೂರಬೇಕು, ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಗ್ಯಾಸ್ಟ್ರಿಕ್ ಇರಬಹುದೆಂದು ಸಮಾಧಾನ ಮಾಡಿಕೊಂಡು ಹೊತ್ತು ಕಳೆಯಬಾರದು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ದಾವಣಗೆರೆ 96

ನನಗೆ 31 ವರ್ಷ, ತೂಕ 96 ಕಿಲೋ. ನಾನೂ ಈ ತಿಂಗಳು ಟ್ರೆಡ್‌ಮಿಲ್ ಕೊಂಡಿದ್ದೇನೆ. ಬೇಗ ತೂಕ ಇಳಿಸಬೇಕೆಂದರೆ ಓಟವೇ ಬೇಕಲ್ಲವೇ? ನಡೆದರೆ ಅರ್ಧ ಗಂಟೆಗೆ 120 ಕ್ಯಾಲೊರಿ ಎಂದು ಫಲಕ ತೋರಿಸುತ್ತಿದೆ, ಅದು ಬಹಳ ಕಡಿಮೆ ಎನಿಸುತ್ತದೆ.

ಮೈಸೂರು ಫಿಸಿಯೋ

ಫಲಕದ ಕ್ಯಾಲೊರಿಯನ್ನು ನಂಬಬೇಡಿ. ನಿಮ್ಮ ತೂಕವನ್ನು ಕೇಳಿ ತುಂಬಿಸಿಕೊಳ್ಳದ ಯಂತ್ರವಾದರೆ ಅದು ಯಾರದೋ ಒಂದು ತೂಕವನ್ನು ಊಹಿಸಿ ಲೆಕ್ಕ ಹಾಕಿರುತ್ತದೆ. ಮೊದಲು ಯಂತ್ರ ಹೊರಬಲ್ಲ ಗರಿಷ್ಠ ತೂಕ ಎಷ್ಟೆಂದು ಕೈಪಿಡಿಯಲ್ಲಿ ನೋಡಿ. 100 ಕಿಲೋ ಎಂದಿದ್ದರೆ ಅದರ ಮೇಲೆ ನೀವು ಓಡುವುದು ಮೋಟಾರಿಗೂ ಒಳ್ಳೆಯದಲ್ಲ, ನಿಮಗೂ ಅಲ್ಲ. ನಿಮಗೆ ಏರುನಡಿಗೆಯೇ ಸರಿಯಾದ ದಾರಿ. ಕೈಹಿಡಿಯನ್ನು ಹಿಡಿಯದೆ ನಡೆಯಬೇಕು ಎಂಬುದು ಮಾತ್ರ ಷರತ್ತು, ಏರಿನಲ್ಲಿ ಕೈಹಿಡಿಗೆ ಜೋತುಬಿದ್ದರೆ ದೇಹದ ಭಾರ ತೋಳಿಗೆ ಹೋಗಿ ಶ್ರಮದ ದೊಡ್ಡ ಪಾಲು ಇಲ್ಲವಾಗುತ್ತದೆ. ಹಿಡಿಯದೆ ನಡೆಯಲು ಆಗುತ್ತಿಲ್ಲವೆಂದರೆ ಏರೋ ವೇಗವೋ ಹೆಚ್ಚಾಗಿದೆ ಎಂದು ತಿಳಿಯಿರಿ. ತೂಕದ ವಿಷಯದಲ್ಲಿ ತಟ್ಟೆಯ ಪಾಲು ನಡಿಗೆಯ ಪಾಲಿಗಿಂತ ದೊಡ್ಡದು, ಅದರ ಚರ್ಚೆಯನ್ನು ಬೇರೆಡೆ ಮಾಡೋಣ.

ತುಂಗಾತೀರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಯಂತ್ರವನ್ನು ಒಳಗೋಡೆಯ ಕಡೆಗೆ ಸರಿಸಿದ್ದೇವೆ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿದ್ದೇವೆ. ಚೂಡಿದಾರದ ಪ್ಯಾಂಟು, ಹಳೆಯ ಟೀ ಶರ್ಟು, ಹೊಸ ಶೂ ಹಾಕಿಕೊಂಡು ದಿನಾ ಬೆಳಿಗ್ಗೆ ನಡೆಯುತ್ತಿದ್ದೇನೆ. ಮೊದಮೊದಲು ಕೆಳಗಿಳಿದಾಗ ನೆಲವೇ ಹಿಂದಕ್ಕೆ ಸರಿದಂತೆ ಭಾಸವಾಗುತ್ತಿತ್ತು, ಈಗ ಅದು ಕಡಿಮೆಯಾಗಿದೆ.

ಎರಡು ಪ್ರಶ್ನೆಗಳಿವೆ. ನಮ್ಮ ಯಂತ್ರದಲ್ಲಿ ಏರಿಗೆ ಗುಂಡಿಯಿಲ್ಲ. ಹಿಂಬದಿಯ ಕಾಲುಗಳನ್ನು ಕೈಯಿಂದಲೇ ಬದಲಿಸುವ ಮೂರು ಹಂತಗಳಿವೆ. ಎರಡನೆಯ ಹಂತವೆಂದರೆ ಶೇಕಡ 2 ಎಂದು ಅರ್ಥವೇ? ಊಟವಾದ ಮೇಲೆ ನಡೆದರೆ ಸಕ್ಕರೆಗೆ ಒಳ್ಳೆಯದು ಎಂದು ನಮ್ಮ ಅತ್ತಿಗೆ ಹೇಳುತ್ತಾರೆ, ಅವರು ಸಕ್ಕರೆ ಕಾಯಿಲೆಗೆ ಮಾತ್ರೆ ಸೇವಿಸುತ್ತಿದ್ದಾರೆ ಮತ್ತು ಈ ಯಂತ್ರವನ್ನು ಬಳಸುವ ಆಸೆಯಿದೆ. ಅವರಿಗೂ ಇದೇ ಕ್ರಮ ಆಗಬಹುದೇ?

ಹುಬ್ಬಳ್ಳಿ ರಿಪೇರಿ

ಹಂತದ ಸಂಖ್ಯೆ ಶೇಕಡವಾರು ಅಲ್ಲ ಮೇಡಂ. ಅಳೆದೇ ನೋಡಬೇಕು, ಕಷ್ಟವೇನಿಲ್ಲ. ಹಲಗೆಯ ಅಂಚಿನಲ್ಲಿ 100 ಸೆಂ.ಮೀ. ಅಂತರದ ಎರಡು ಗುರುತು ಮಾಡಿ. ಪ್ರತಿ ಗುರುತಿನಿಂದ ನೆಲಕ್ಕೆ ನೇರವಾಗಿ ಎಷ್ಟು ಎತ್ತರವಿದೆ ಎಂದು ಟೇಪಿನಿಂದ ಅಳೆಯಿರಿ. ಮುಂದಿನದು 19, ಹಿಂದಿನದು 15 ಬಂದರೆ ವ್ಯತ್ಯಾಸ 4, ಅಂದರೆ ಏರು ಶೇಕಡ 4. ಜಗುಲಿಯ ನೆಲಕ್ಕೆ ನೀರು ಹರಿಯಲು ಇಳಿಜಾರು ಕೊಟ್ಟಿರುತ್ತಾರೆ, ಆದ್ದರಿಂದ ನೆಲ ಮಟ್ಟವಾಗಿದೆಯೇ ಎಂದು ಗಾರೆಯವರ ರಸಮಟ್ಟ ಇಟ್ಟು ನೋಡಿಕೊಳ್ಳಿ. ಹಂತ ಬದಲಿಸುವಾಗ ಎರಡೂ ಕಾಲುಗಳು ಒಂದೇ ಹಂತದಲ್ಲಿರಬೇಕು, ಇಲ್ಲದಿದ್ದರೆ ಬೆಲ್ಟ್ ಒಂದು ಕಡೆಗೆ ಎಳೆಯುತ್ತದೆ.

ಫಲಕದ ವೇಗವೂ ನಿಜವೇ ಎಂದು ಪರೀಕ್ಷಿಸಬಹುದು. ಬೆಲ್ಟ್‌ನ ಪೂರ್ತಿ ಸುತ್ತಳತೆಯನ್ನು ಅಳೆದಿಟ್ಟುಕೊಳ್ಳಿ, ಅಂಚಿನಲ್ಲಿ ಒಂದು ಕಡೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಒಬ್ಬರು 5ರ ವೇಗದಲ್ಲಿ ನಡೆಯುತ್ತಿರಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಗೆರೆ 20 ಸುತ್ತು ಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಲಿ. ಬೆಲ್ಟ್ 2.8 ಮೀಟರ್ ಇದ್ದರೆ 20 ಸುತ್ತಿಗೆ 56 ಮೀಟರ್. ಅದಕ್ಕೆ ಸುಮಾರು 40 ಸೆಕೆಂಡು ಹಿಡಿಯಬೇಕು. 44 ಹಿಡಿದರೆ ನಿಜವಾದ ವೇಗ 4.6 ಅಷ್ಟೇ. ಬೆಲ್ಟ್ ಖಾಲಿ ಓಡುವಾಗ ಅಳೆದರೆ ಸರಿಯಾದ ಉತ್ತರ ಸಿಗದು, ಭಾರ ಬಿದ್ದಾಗಲೇ ನೋಡಬೇಕು.

ಮೈಸೂರು ಫಿಸಿಯೋ

ಊಟದ ಬಳಿಕ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆದರೆ ಊಟದ ನಂತರ ಏರುವ ಸಕ್ಕರೆ ಕಡಿಮೆಯಾಗುತ್ತದೆ ಎಂಬುದು ನಿಜ. ಕೆಲಸ ಮಾಡುವ ಸ್ನಾಯುಗಳು ರಕ್ತದಲ್ಲಿರುವ ಗ್ಲೂಕೋಸನ್ನು ಬಳಸಿಕೊಳ್ಳುತ್ತವೆ. ನಿಮ್ಮ ಅತ್ತಿಗೆಯವರ ವಿಷಯದಲ್ಲಿ ಯಾವ ಮಾತ್ರೆ ಎಂಬುದು ಮುಖ್ಯ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಸಕ್ಕರೆ ತೀರ ಕೆಳಗಿಳಿಯುವುದು ಅಪರೂಪ. ಗ್ಲಿಮೆಪಿರೈಡ್ ಸೇರಿದ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ನಡಿಗೆಯ ನಡುವೆ ಅಥವಾ ಕೆಲವು ಗಂಟೆಗಳ ಬಳಿಕವೂ ಸಕ್ಕರೆ ಕುಸಿಯಬಹುದು; ಮೈ ಬೆವರುವುದು, ಕೈ ನಡುಗುವುದು, ಗಲಿಬಿಲಿಯಾಗುವುದು ಅದರ ಲಕ್ಷಣ. ಅವರು ವೈದ್ಯರನ್ನು ಕೇಳಿಯೇ ಆರಂಭಿಸಲಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹತ್ತುವುದು ಬೇಡ, ಕೈಗೆಟಕುವಲ್ಲಿ ಸಕ್ಕರೆಯೋ ಬೆಲ್ಲವೋ ಇರಲಿ. ಪ್ರತಿದಿನ ಶೂ ಬಿಚ್ಚಿದ ಮೇಲೆ ಪಾದದ ಅಡಿಯನ್ನೂ ಬೆರಳ ಸಂದಿಗಳನ್ನೂ ನೋಡಿಕೊಳ್ಳಬೇಕು. ಸಂವೇದನೆ ಕಡಿಮೆಯಾದ ಪಾದದಲ್ಲಿ ಬೊಬ್ಬೆ ಎದ್ದರೂ ನೋವು ತಿಳಿಯುವುದಿಲ್ಲ, ಮಳೆಗಾಲದಲ್ಲಿ ಅದು ಹುಣ್ಣಾಗಲು ತಡವಾಗುವುದಿಲ್ಲ.

ತುಂಗಾತೀರ

ಪುಷ್ಯ ಮಳೆಯೂ ಮುಗಿಯುತ್ತ ಬಂತು. ಈಗ 4.8ರ ವೇಗದಲ್ಲಿ 35 ನಿಮಿಷ ನಡೆದರೂ ಮಗ್ಗಿ ಹೇಳಲು ಉಸಿರು ಸಾಕಾಗುತ್ತದೆ. ಸೀಮೆಸುಣ್ಣದ ಪರೀಕ್ಷೆಯನ್ನು ಸೊಸೆಯ ಸಹಾಯದಿಂದ ಮಾಡಿದೆವು, ವೇಗ ಸರಿಯಾಗಿಯೇ ಇದೆ. ಕಳೆದ ವಾರ ಸಂತೋಷದಿಂದ ಓಟವನ್ನೂ ಆರಂಭಿಸಿದೆ. 6.5ರಲ್ಲಿ ಒಂದು ನಿಮಿಷ, ಬಳಿಕ ಎರಡು ನಿಮಿಷ ನಡಿಗೆ. ಆದರೆ 6.5ರಲ್ಲಿ ನಡೆಯಲೂ ಆಗುವುದಿಲ್ಲ, ಓಡಲೂ ಆಗುವುದಿಲ್ಲ, ಕಾಲುಗಳು ತಡಬಡಾಯಿಸುತ್ತವೆ. ಈಗ ಎರಡು ದಿನಗಳಿಂದ ಬಲಗಾಲಿನಲ್ಲಿ, ಮಂಡಿಗೂ ಹರಡಿಗೂ ನಡುವಿನ ಮೂಳೆಯ ಒಳ ಅಂಚಿನಲ್ಲಿ ನೋವಿದೆ. ನಿಲ್ಲಿಸಬೇಕೇ?

ಲಾಲ್‌ಬಾಗ್ ಓಟ

ಮೇಡಂ, ಓಟದ ತನಕ ಬಂದದ್ದಕ್ಕೆ ಅಭಿನಂದನೆಗಳು. ಆ ತಡಬಡಾಯಿಸುವುದು ನಿಮ್ಮ ದೋಷವಲ್ಲ. ಗಂಟೆಗೆ 7 ಕಿ.ಮೀ. ಆಸುಪಾಸಿನಲ್ಲಿ ಮನುಷ್ಯನ ದೇಹ ತಾನಾಗಿಯೇ ನಡಿಗೆಯಿಂದ ಓಟಕ್ಕೆ ಬದಲಾಗುತ್ತದೆ. ಎತ್ತರ ಕಡಿಮೆ ಇರುವವರಲ್ಲಿ ಆ ಗಡಿ ಸ್ವಲ್ಪ ಕೆಳಗಿರುತ್ತದೆ. ಅದರ ಅಂಚಿನಲ್ಲಿ ನಿಂತರೆ ಎರಡೂ ಸರಿಯಾಗುವುದಿಲ್ಲ. ನಡಿಗೆಯನ್ನು 5ರ ಒಳಗೆ ಇಟ್ಟು, ಓಟಕ್ಕೆ 7ರಿಂದ 7.5ಕ್ಕೆ ಹೋಗಿ, ಆದರೆ ಹೆಜ್ಜೆ ಚಿಕ್ಕದಾಗಿ, ಸದ್ದಿಲ್ಲದೆ ಬೀಳಲಿ. ಬೆಲ್ಟ್ ಮೇಲೆ ದಬದಬ ಸದ್ದು ಬರುತ್ತಿದ್ದರೆ ಹೆಜ್ಜೆ ಉದ್ದವಾಗಿದೆ, ಪಾದ ದೇಹಕ್ಕಿಂತ ಬಹಳ ಮುಂದೆ ಬೀಳುತ್ತಿದೆ ಎಂದು ಅರ್ಥ. ನೋವಿನ ಬಗ್ಗೆ ಮಾತ್ರ ಫಿಸಿಯೋ ಸರ್ ಹೇಳುವುದನ್ನು ಕೇಳಿ. ಮೊದಲು ನಡಿಗೆಯ ಬುನಾದಿ ಬೇಕೆಂದು ಅವರು ಹೇಳಿದ್ದನ್ನು ನಾನು ಈಗ ನಮ್ಮ ಗುಂಪಿನ ಹೊಸಬರಿಗೂ ಹೇಳುತ್ತಿದ್ದೇನೆ.

ಮೈಸೂರು ಫಿಸಿಯೋ

ಮೇಡಂ, ಹೆದರಬೇಡಿ, ಆದರೆ ಓಟವನ್ನು ಇಂದೇ ನಿಲ್ಲಿಸಿ. ನೋವಿರುವ ಅಂಚಿನುದ್ದಕ್ಕೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿಕೊಂಡು ಹೋಗಿ. ಒಂದು ಗೇಣಿನಷ್ಟು ಉದ್ದಕ್ಕೆ ಹರಡಿದ ನೋವಾಗಿದ್ದರೆ, ನಡೆಯುತ್ತ ಮೈ ಬಿಸಿಯಾದಂತೆ ಅದು ಕಡಿಮೆಯಾಗುತ್ತಿದ್ದರೆ, ಮೂಳೆಗೆ ಅಂಟಿದ ಸ್ನಾಯುಗಳ ಭಾಗಕ್ಕೆ ಭಾರ ಹೆಚ್ಚಾಗಿದೆ. ಹೊಸ ಓಟಗಾರರಲ್ಲಿ ಇದು ಸಾಮಾನ್ಯ. ಬೆರಳ ತುದಿಯಷ್ಟು ಜಾಗದಲ್ಲಿ ಮಾತ್ರ ಚುಚ್ಚಿದಂತೆ ನೋವಾಗಿ, ನಡೆದಷ್ಟೂ ಹೆಚ್ಚುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕಿನ ಸಾಧ್ಯತೆ ಇರುತ್ತದೆ. ಆಗ ನಡಿಗೆಯನ್ನೂ ನಿಲ್ಲಿಸಿ ಶಿವಮೊಗ್ಗದಲ್ಲಿ ಮೂಳೆ ವೈದ್ಯರನ್ನು ಕಾಣಬೇಕು. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣಿಸದೆಯೂ ಇರಬಹುದು ಎಂಬುದು ನೆನಪಿರಲಿ.

ತುಂಗಾತೀರ

ಒತ್ತಿ ನೋಡಿದೆ ಸರ್. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದಕ್ಕೆ ಹರಡಿದ ನೋವು. ರಾತ್ರಿ ನೋವಿಲ್ಲ. ನಡೆಯತೊಡಗಿದ ಹತ್ತು ನಿಮಿಷಕ್ಕೆ ಕಡಿಮೆಯಾಗುತ್ತದೆ.

ಮೈಸೂರು ಫಿಸಿಯೋ

ಹಾಗಾದರೆ ಸಮತಟ್ಟಾದ ನಡಿಗೆಯನ್ನು ಮುಂದುವರಿಸಿ, ಹೊತ್ತು 20 ನಿಮಿಷಕ್ಕೆ ಇಳಿಯಲಿ, ವೇಗ 4.2 ಸಾಕು, ಏರು ಸದ್ಯಕ್ಕೆ ಬೇಡ. ಹಿಮ್ಮಡಿ ಎತ್ತುವ ವ್ಯಾಯಾಮವನ್ನು ಎರಡೂ ಕಾಲಿನಲ್ಲಿ, ನೋವಾಗದಷ್ಟು ಮಾತ್ರ, ದಿನ ಬಿಟ್ಟು ದಿನ ಮಾಡಿ. ಒತ್ತಿದಾಗ ನೋವಿಲ್ಲದಂತಾಗಿ, ಬಲಗಾಲೊಂದರ ಮೇಲೆ ಹತ್ತು ಸಲ ಕುಪ್ಪಳಿಸಿದರೂ ಏನೂ ಆಗದಿದ್ದರೆ ಮತ್ತೆ ಓಟಕ್ಕೆ ಬನ್ನಿ. ಈ ಬಾರಿ 7ರ ವೇಗದಲ್ಲಿ 30 ಸೆಕೆಂಡು ಓಟ, ಎರಡು ನಿಮಿಷ ನಡಿಗೆ, ಇಂಥ ಆರು ಸುತ್ತು. ಎರಡು ಓಟದ ದಿನಗಳ ನಡುವೆ ಓಟವಿಲ್ಲದ ಒಂದು ದಿನ ಇರಲೇಬೇಕು. ಮೊದಲ ದಿನದ ಮರುಬೆಳಿಗ್ಗೆ ಮೂಳೆಯ ಆ ಅಂಚನ್ನು ಒತ್ತಿ ನೋಡಿ ಹೇಗಿದೆಯೆಂದು ಇಲ್ಲಿ ಬರೆಯಿರಿ. ಮುಂದಿನ ವಾರ ಎಷ್ಟು ಹೆಚ್ಚಿಸಬೇಕೆಂದು ಅದನ್ನು ನೋಡಿ ತಿಳಿಸುತ್ತೇನೆ.